ಆತ್ಮಹತ್ಯೆ ತಡೆ ಸಂಘದ ಕಮಿಟಿಗೆ ಸೇರಬೇಕೆಂದಿದ್ದೀರಾ? ಹೀಗೆ ಶುರು ಮಾಡಿ

"ಮೇಷ್ಟ್ರೇ, ನಿಮ್ಮ ಸಂಘದ ಕಮಿಟಿಗೆ ನನ್ನ ಹೆಸರೂ ಸೇರಿಸ್ಕೊಳಿ. ಒಳ್ಳೆ ಕೆಲಸ." ಮಂಡ್ಯದಲ್ಲಿ ಹಾಲಿನ ಡೇರಿ ಮುಂದೆಯೋ, ಮದುವೆ ಊಟದ ಪಂಕ್ತಿಯಲ್ಲೋ ಯಾರಾದರೂ ಹೀಗೆ ಕೇಳಿದಾಗ ನನಗೆ ತುಂಬಾ ಸಂತೋಷವಾಗುತ್ತದೆ. ಆದರೂ ತಕ್ಷಣ ಹೂಂ ಅನ್ನುವುದಿಲ್ಲ. "ಭಾನುವಾರ ಬನ್ನಿ. ಒಂದು ಮೀಟಿಂಗು ಸುಮ್ನೆ ಕೂತು ನೋಡಿ" ಅನ್ನುತ್ತೇನೆ.

ಬಂದವರಿಗೆ ಮೊದಲ ದಿನ ಸ್ವಲ್ಪ ಬೇಜಾರಾಗುತ್ತದೆ. ನೊಂದವರ ಕಣ್ಣೀರು ಒರೆಸುವ ಕೆಲಸ ಅಂದುಕೊಂಡು ಬಂದಿರುತ್ತಾರೆ. ಇಲ್ಲಿ ನೋಡಿದರೆ ಫೋನ್ ಬಿಲ್ಲಿನ ಚರ್ಚೆ, ಹಬ್ಬದ ವಾರ ರಾತ್ರಿ ಪಾಳಿಗೆ ಯಾರು ಅನ್ನುವ ಚರ್ಚೆ, ಒಂದು ವೋಚರ್ ಕಾಣಿಸುತ್ತಿಲ್ಲ ಅನ್ನುವ ಚರ್ಚೆ. ನಾನೂ ಹಾಗೇ ಬಂದವನು. 2015ರಲ್ಲಿ ಕಬ್ಬಿನ ಬಾಕಿ, ಸಾಲ, ಬೆಲೆ ಕುಸಿತ ಅಂತ ಮಂಡ್ಯ ಜಿಲ್ಲೆಯ ರೈತರ ಸಾವಿನ ಸುದ್ದಿ ಒಂದರ ಹಿಂದೆ ಒಂದು ಬಂತಲ್ಲ, ಆ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಅಪ್ಪನೂ ಹೋದರು. ಮಣ್ಣಿಗೆ ಹೋಗಿದ್ದಾಗ ಆ ಹುಡುಗ ನನ್ನ ಕೈ ಹಿಡಿದುಕೊಂಡು, "ಸಾರ್, ಯಾರಾದ್ರೂ ಒಬ್ರು ಕೂರಿಸ್ಕೊಂಡು ಕೇಳಿದ್ರೆ ಹೇಳ್ಕೊಳ್ತಿದ್ರೇನೋ" ಅಂದ. ಆ ಒಬ್ಬರು ಸಿಗುವಂತೆ ಮಾಡುವುದೇ ಕಮಿಟಿಯ ಕೆಲಸ ಅಂತ ನನಗೆ ಅರ್ಥವಾಗಲು ಮಾತ್ರ ಎರಡು ವರ್ಷ ಹಿಡಿಯಿತು. ನೊಂದವರು ಫೋನ್ ಮಾಡಿದಾಗ ಕೇಳಿಸಿಕೊಳ್ಳುವವರು ಸ್ವಯಂಸೇವಕರು. ಅವರ ಕುರ್ಚಿ, ಫೋನು, ತರಬೇತಿ, ಮನಸ್ಸಿನ ನೆಮ್ಮದಿ, ಇದಿಷ್ಟೂ ನಮ್ಮ ಜವಾಬ್ದಾರಿ.

ಮಂಡ್ಯ, ಮೈಸೂರು ಕಡೆ ಇಂಥ ಸಂಘಕ್ಕೆ ಕೈ ಜೋಡಿಸಬೇಕು ಅನ್ನುವವರಿಗೆ ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲು ನಿಮ್ಮನ್ನೇ ಕೇಳಿಕೊಳ್ಳಿ

ಮನೆಯಲ್ಲಿ ಇಂಥ ಸಾವು ಕಂಡವರು, ತಾವೇ ಒಮ್ಮೆ ಆ ಅಂಚಿಗೆ ಹೋಗಿ ವಾಪಸ್ ಬಂದವರು ಕಮಿಟಿಯಲ್ಲಿ ಇರಲೇಬೇಕು. ಅವರಿಲ್ಲದ ಕಮಿಟಿ ಅರ್ಧ ಕುರುಡು. ಸಾವಿನ ಮನೆಗೆ ಹೋದಾಗ ಏನು ಮಾತಾಡಬಾರದು ಅನ್ನುವುದನ್ನು ನಮಗೆ ಕಲಿಸಿದವರು ಮಗಳನ್ನು ಕಳೆದುಕೊಂಡ ಒಬ್ಬ ತಾಯಿ. "'ನಿಮಗೆ ಮುಂಚೆ ಗೊತ್ತಾಗ್ಲಿಲ್ವಾ' ಅಂತ ಮಾತ್ರ ಕೇಳ್ಬೇಡಿ. ನಾನು ದಿನಾ ನನ್ನೇ ಕೇಳ್ಕೊಳ್ಳೋ ಪ್ರಶ್ನೆ ಅದು" ಅಂದರು. ಯಾವ ತರಬೇತಿಯಲ್ಲೂ ನನಗೆ ಈ ಮಾತು ಸಿಕ್ಕಿರಲಿಲ್ಲ.

ಆದರೆ ದುಃಖ ಇನ್ನೂ ಹಸಿಯಾಗಿದ್ದರೆ ಸ್ವಲ್ಪ ತಡೆಯಿರಿ. ನಮ್ಮಲ್ಲಿ ಒಂದು ವರ್ಷ ಕಾಯಲು ಹೇಳುತ್ತೇವೆ. ಅಲ್ಲಿಯವರೆಗೆ ಅವರು ನಮ್ಮ ಜೊತೆ ಇರುತ್ತಾರೆ, ಆದರೆ ನಾವು ಅವರಿಗೆ ಆಸರೆಯಾಗಿ. ತಮ್ಮ ಗಾಯಕ್ಕೆ ಮದ್ದು ಹುಡುಕುತ್ತಾ ಜವಾಬ್ದಾರಿ ಹೊತ್ತರೆ ಅವರಿಗೂ ಕಷ್ಟ, ಸಂಘಕ್ಕೂ ಕಷ್ಟ.

ಇನ್ನೊಂದು ಸಮಯದ ಲೆಕ್ಕ. ತಿಂಗಳಿಗೆ ಒಂದು ಮೀಟಿಂಗ್ ಅಂತ ಹೇಳುತ್ತಾರೆ, ನಂಬಬೇಡಿ. ತಿಂಗಳಿಗೆ ಹತ್ತು ಹನ್ನೆರಡು ಗಂಟೆ ಬೇಕೇ ಬೇಕು. ಪಿ.ಯು.ಸಿ., ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನಗಳಲ್ಲಿ ಇನ್ನೂ ಜಾಸ್ತಿ.

ಸಂಘದ ಕಾಗದ ಪತ್ರ ಕೇಳಿ, ಸಂಕೋಚ ಬೇಡ

ಹೆಸರು ಕೊಡುವ ಮುಂಚೆ ಮೂರು ವಸ್ತು ನೋಡಿ: ನೋಂದಣಿ ಪತ್ರ, ಬೈಲಾ ಅಂದರೆ ಸಂಘದ ನಿಯಮಾವಳಿ, ಸಭೆಗಳ ನಡಾವಳಿ ಪುಸ್ತಕ.

ನಮ್ಮ ರಾಜ್ಯದಲ್ಲಿ ಇಂಥ ಸಂಘಗಳು ಸಾಮಾನ್ಯವಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗಿರುತ್ತವೆ. ಕನಿಷ್ಠ 7 ಜನ ಸೇರಿ ಸಂಘ ಕಟ್ಟಬಹುದು. ಪ್ರತಿ ವರ್ಷ ಸಾಮಾನ್ಯ ಸಭೆ ಕರೆಯಬೇಕು, ಲೆಕ್ಕ ಆಡಿಟ್ ಆಗಬೇಕು, ಆಡಳಿತ ಮಂಡಳಿಯ ಪಟ್ಟಿ ನೋಂದಣಾಧಿಕಾರಿಗೆ ಹೋಗಬೇಕು. ಕೆಲವು ಸಂಘಗಳು ಟ್ರಸ್ಟ್ ಆಗಿರುತ್ತವೆ, ಅವುಗಳ ನಿಯಮ ಬೇರೆ. ಯಾವುದು ಅಂತ ಮೊದಲು ತಿಳಿದುಕೊಳ್ಳಿ.

ನಡಾವಳಿ ಪುಸ್ತಕ ಮಾತ್ರ ಕೈಯಲ್ಲಿ ಹಿಡಿದು ನಿಧಾನವಾಗಿ ತಿರುವಿ. ಸಂಘದ ನಾಡಿ ಅಲ್ಲಿ ಸಿಗುತ್ತದೆ. "ಸ್ವಾಗತ, ವಂದನಾರ್ಪಣೆ, ಸಭೆ ಮುಕ್ತಾಯ" ಅಂತಷ್ಟೇ ಬರೆದಿದ್ದರೆ ಅಲ್ಲಿ ಕೆಲಸ ನಡೆಯುತ್ತಿಲ್ಲ ಅಂತ ಅರ್ಥ. "ಜುಲೈ ತಿಂಗಳಲ್ಲಿ ಎರಡು ರಾತ್ರಿ ಪಾಳಿ ಖಾಲಿ ಬಿತ್ತು, ಕಾರಣ ಇಂಥದ್ದು, ಮುಂದೆ ಹೀಗೆ ಮಾಡೋಣ" ಅಂತ ಬರೆದಿದ್ದರೆ ಧೈರ್ಯವಾಗಿ ಸೇರಿ. ತಪ್ಪನ್ನು ಬರೆದಿಡುವ ಸಂಘ ಒಳ್ಳೆಯ ಸಂಘ.

ಒಂದು ಎಚ್ಚರಿಕೆ. ಆ ಪುಸ್ತಕದಲ್ಲಿ ಫೋನ್ ಮಾಡಿದವರ ಹೆಸರು, ಊರು ಎಲ್ಲಾದರೂ ಕಂಡರೆ ಅಲ್ಲೇ ಎತ್ತಿ ತೋರಿಸಿ. ಅದು ಅಲ್ಲಿ ಇರಬಾರದು.

ಕಮಿಟಿಯಲ್ಲಿ ಯಾರ್ಯಾರಿದ್ದಾರೆ?

ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಎಲ್ಲರೂ ಒಂದೇ ಜಾತಿ, ಒಂದೇ ಪಕ್ಷ, ಎಲ್ಲರೂ ಅರವತ್ತು ದಾಟಿದ ಗಂಡಸರು ಆಗಿದ್ದರೆ, ಊರಿನ ಅರ್ಧ ಜನ ಆ ಸಂಘದ ಕಡೆ ತಲೆ ಹಾಕುವುದಿಲ್ಲ. ಗಂಡನ ಹೊಡೆತ ತಾಳಲಾರದ ಹೆಣ್ಣುಮಗಳು "ಅವರ ಚಿಕ್ಕಪ್ಪನೇ ಅಲ್ವಾ ಅಲ್ಲಿ ಅಧ್ಯಕ್ಷರು" ಅಂತ ಫೋನ್ ಕೆಳಗಿಡುತ್ತಾಳೆ. ದಲಿತ ಕೇರಿಯ ಹುಡುಗ ತನ್ನ ನೋವಿಗೆ ಅಲ್ಲಿ ಬೆಲೆ ಇದೆಯೋ ಇಲ್ಲವೋ ಅಂತ ಅನುಮಾನಿಸುತ್ತಾನೆ.

ಹಾಗಾಗಿ ಕಮಿಟಿಯಲ್ಲಿ ಹೆಂಗಸರು ಬೇಕು, ಇಪ್ಪತ್ತೈದರ ಆಸುಪಾಸಿನವರು ಬೇಕು, ರೈತರು ಬೇಕು. ಒಬ್ಬ ಮನೋವೈದ್ಯರು ಅಥವಾ ಮನೋವಿಜ್ಞಾನ ಓದಿದವರು, ಒಬ್ಬ ವಕೀಲರು, ಲೆಕ್ಕ ಬಲ್ಲ ಒಬ್ಬರು ಇರಲಿ. ಆಶಾ ಕಾರ್ಯಕರ್ತೆಯೊಬ್ಬರು ಸಿಕ್ಕರೆ ಬಿಡಬೇಡಿ. ಯಾವ ಮನೆಯಲ್ಲಿ ಒಲೆ ಹಚ್ಚಿಲ್ಲ ಅನ್ನುವುದು ಅವರಿಗೆ ನಮಗಿಂತ ಮುಂಚೆ ಗೊತ್ತಿರುತ್ತದೆ.

ತರಬೇತಿ ನೀವೂ ತಗೊಳ್ಳಿ

"ನಾನು ಫೋನ್ ಎತ್ತಲ್ವಲ್ಲ, ನನಗ್ಯಾಕೆ" ಅನ್ನಬೇಡಿ. ನೀವು ಕಮಿಟಿಯಲ್ಲಿದ್ದೀರಿ ಅಂತ ಗೊತ್ತಾದ ಮರುದಿನವೇ ಯಾರಾದರೂ ನಿಮ್ಮನ್ನು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಮಾತಾಡುತ್ತಾರೆ. ಆಗ ಏನು ಮಾಡುತ್ತೀರಿ?

ಮೊದಲು ಕಲಿಯಬೇಕಾದ ಪಾಠ ನೇರವಾಗಿ ಕೇಳುವುದು. "ಸಾಯಬೇಕು ಅಂತ ಅನ್ನಿಸ್ತಿದ್ಯಾ?" ಈ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತೆ ಆಗುತ್ತದೆ ಅಂತ ನಮ್ಮಲ್ಲಿ ಬಹಳ ಜನ ಹೆದರುತ್ತಾರೆ. ಹಾಗೆ ಆಗುವುದಿಲ್ಲ ಅಂತ ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ಕೇಳಿದಾಗ ಆ ಮನುಷ್ಯನಿಗೆ ಎದೆ ಮೇಲಿನ ಕಲ್ಲು ಇಳಿಸಿದಂತಾಗುತ್ತದೆ. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳಬೇಕು. ನಲವತ್ತು ವರ್ಷ ಪಾಠ ಹೇಳಿದ ನನಗೆ ಇದೇ ಅತಿ ಕಷ್ಟದ ಭಾಗವಾಗಿತ್ತು. "ಧೈರ್ಯ ತಗೋ, ಹೆಂಡ್ತಿ ಮಕ್ಕಳ ಮುಖ ನೋಡು" ಅನ್ನುವ ಮಾತು ತುದಿ ನಾಲಿಗೆಗೆ ಬಂದುಬಿಡುತ್ತದೆ. ಅದನ್ನು ನುಂಗಿಕೊಳ್ಳಬೇಕು. ಹೆಂಡತಿ ಮಕ್ಕಳಿಗೆ ತಾನೇ ಭಾರ ಅಂತ ಕೊರಗುತ್ತಿರುವವನಿಗೆ ಆ ಮಾತು ಇನ್ನೊಂದು ಏಟು.

ಈಗಲೇ ಅಪಾಯ ಇದೆ ಅನ್ನಿಸಿದರೆ ಒಂಟಿಯಾಗಿ ಬಿಡಬೇಡಿ. ಜೊತೆಗಿದ್ದು 112 ಅಥವಾ 108ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಕನ್ನಡದಲ್ಲೇ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. 2022ರ ಅಕ್ಟೋಬರ್ 10ರಂದು ಶುರುವಾಯಿತು. ಈ ನಂಬರು ನಿಮ್ಮ ಫೋನಿನಲ್ಲಿ, ಸಂಘದ ಗೋಡೆಯಲ್ಲಿ, ನೀವು ಹಂಚುವ ಪ್ರತಿ ಚೀಟಿಯಲ್ಲಿ ಇರಬೇಕು. ನಮ್ಮ ಸಂಘದ ಫೋನು ಬ್ಯುಸಿ ಇದ್ದಾಗ ಹೋಗಲು ಬೇರೆ ಬಾಗಿಲು ಬೇಕಲ್ಲ. ಇದನ್ನು ಓದುತ್ತಿರುವ ನಿಮ್ಮ ಮನಸ್ಸೇ ಸರಿ ಇಲ್ಲದಿದ್ದರೆ, ಕಮಿಟಿಯ ವಿಷಯ ಆಮೇಲೆ ನೋಡೋಣ. ಮೊದಲು ಆ ನಂಬರಿಗೆ ಮಾಡಿ.

ಚಿಕಿತ್ಸೆಯ ದಾರಿಯೂ ಗೊತ್ತಿರಲಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ನೋಡುತ್ತಾರೆ. ಮದ್ದೂರು, ಮಳವಳ್ಳಿ, ನಾಗಮಂಗಲದವರು ಇದಕ್ಕಾಗಿ ಬೆಂಗಳೂರಿನ ನಿಮ್ಹಾನ್ಸ್ ತನಕ ಹೋಗಬೇಕಿಲ್ಲ. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗ ಇದೆ. ಕಮಿಟಿಯಿಂದ ಒಬ್ಬರು ಹೋಗಿ ಅಲ್ಲಿನ ವೈದ್ಯರ ಪರಿಚಯ ಮಾಡಿಕೊಂಡು, ಯಾವ ದಿನ, ಯಾವ ಕೋಣೆ ಅಂತ ಬರೆದುಕೊಂಡು ಬನ್ನಿ. "ಆಸ್ಪತ್ರೆಗೆ ಹೋಗಿ" ಅಂದರೆ ಯಾರೂ ಹೋಗುವುದಿಲ್ಲ. "ಮಂಗಳವಾರ ಹತ್ತು ಗಂಟೆಗೆ ಬನ್ನಿ, ನಾನು ಗೇಟಲ್ಲಿ ನಿಂತಿರ್ತೀನಿ" ಅಂದರೆ ಬರುತ್ತಾರೆ.

ಇನ್ನು ಪೊಲೀಸ್ ಭಯ. "ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಕೇಸ್ ಆಗುತ್ತೆ" ಅಂತ ಮನೆಯವರು ಮುಚ್ಚಿಡುತ್ತಾರೆ, ಅಮೂಲ್ಯ ಸಮಯ ಹೋಗುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಪ್ರಕಾರ, ಬೇರೆ ರೀತಿ ಸಾಬೀತಾಗದ ಹೊರತು, ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಅದಕ್ಕಾಗಿ ಶಿಕ್ಷಿಸುವಂತಿಲ್ಲ. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವುದು, ಹೇಳಿಕೆ ಪಡೆಯುವುದು ಇರುತ್ತದೆ, ಅದಕ್ಕೆ ಹೆದರಿ ಮನೆಯಲ್ಲೇ ಇಟ್ಟುಕೊಳ್ಳಬಾರದು. ಕಮಿಟಿಯ ವಕೀಲರಿಂದ ಇದನ್ನು ಊರೂರಲ್ಲಿ ಹೇಳಿಸಿ.

ಕೇಳಿಸಿಕೊಳ್ಳುವವರನ್ನು ನೋಡಿಕೊಳ್ಳಿ

ಇಡೀ ಲೇಖನದಲ್ಲಿ ಇದೊಂದನ್ನು ಓದಿದರೂ ಸಾಕು.

ನಾನು ಸೇರಿದ ಹೊಸತರಲ್ಲಿ ಒಂದು ಸಂಜೆ ಬೀಗದ ಕೈ ಕೊಡಲು ಕಚೇರಿಗೆ ಹೋದೆ. ಪಾಳಿ ಮುಗಿದು ಅರ್ಧ ಗಂಟೆಯಾಗಿತ್ತು. ಅಂಗನವಾಡಿ ಕೆಲಸದಿಂದ ನಿವೃತ್ತರಾದ ಅಕ್ಕ ಒಬ್ಬರು ಇನ್ನೂ ಅಲ್ಲೇ ಕೂತಿದ್ದರು. ಲೈಟ್ ಹಾಕಿರಲಿಲ್ಲ. ಫೋನು ಮಡಿಲಲ್ಲಿತ್ತು, ಅದನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದುಕೊಂಡಿದ್ದರು, ಕೋಳಿಮರಿ ಹಿಡಿದ ಹಾಗೆ. ಮೇಜಿನ ಮೇಲೆ ಕಾಫಿ ಕೆನೆಗಟ್ಟಿತ್ತು. "ಅಕ್ಕ, ಮನೆಗೆ ಹೋಗಲ್ವಾ?" ಅಂದೆ. "ಆ ಹುಡುಗ ಅರ್ಧಕ್ಕೇ ಕಟ್ ಮಾಡ್ದ ಮೇಷ್ಟ್ರೇ. ಮತ್ತೆ ಮಾಡ್ತಾನೇನೋ ಅಂತ" ಅಂದರು. ಯಾರಿಗೂ ಹೇಳಿರಲಿಲ್ಲ. ಹೇಳಲು ಒಂದು ವ್ಯವಸ್ಥೆಯನ್ನೇ ನಾವು ಮಾಡಿರಲಿಲ್ಲ. ಅದು ಕಮಿಟಿಯ ತಪ್ಪು.

ಆಮೇಲೆ ನಾವು ಮಾಡಿಕೊಂಡ ನಿಯಮಗಳು ಇವು. ಪಾಳಿ ಮುಗಿದ ಮೇಲೆ ಹದಿನೈದು ನಿಮಿಷ ಇನ್ನೊಬ್ಬ ಹಿರಿಯ ಸ್ವಯಂಸೇವಕರ ಜೊತೆ ಮಾತಾಡದೆ ಯಾರೂ ಮನೆಗೆ ಹೋಗುವಂತಿಲ್ಲ, ಎದುರಿಗಿಲ್ಲದಿದ್ದರೆ ಫೋನಿನಲ್ಲಾದರೂ. ಒಬ್ಬರಿಗೆ ವಾರಕ್ಕೆ ಒಂದೇ ಪಾಳಿ, ಒಂದು ಪಾಳಿ ನಾಲ್ಕು ಗಂಟೆ ದಾಟಬಾರದು. ತಿಂಗಳಿಗೊಮ್ಮೆ ಮನೋವೈದ್ಯರ ಜೊತೆ ಎಲ್ಲರೂ ಕೂರಬೇಕು, ಅದಕ್ಕೆ ಕಮಿಟಿ ಹಣ ತೆಗೆದಿಡಬೇಕು. ಮನೆಯಲ್ಲಿ ಸಾವು, ಕಾಯಿಲೆ, ಜಗಳ ಏನಿದ್ದರೂ ಕಾರಣ ಕೇಳದೆ ರಜೆ. ಇನ್ನು ಕರೆ ಮಾಡಿದವರನ್ನು ಕಳೆದುಕೊಂಡೆವು ಅಂತ ಗೊತ್ತಾದರೆ, ಅದೇ ದಿನ ಕಮಿಟಿಯ ಇಬ್ಬರು ಆ ಸ್ವಯಂಸೇವಕರ ಮನೆಗೆ ಹೋಗಬೇಕು. ವಿಚಾರಣೆ ಮಾಡಲು ಅಲ್ಲ, ಸುಮ್ನೆ ಜೊತೆಗೆ ಕೂರಲು.

ಹೊಸ ಸ್ವಯಂಸೇವಕರನ್ನು ಆರಿಸುವಾಗಲೂ ಅವಸರ ಬೇಡ. ಪಾಳಿ ಖಾಲಿ ಇದೆ ಅಂತ ಯಾರನ್ನೋ ಕೂರಿಸಬೇಡಿ. ಒಂದು ಯುಗಾದಿಗೆ ನಾವು ಹೀಗೆ ಮಾಡಿ ಪಶ್ಚಾತ್ತಾಪ ಪಟ್ಟೆವು. ಪಾಪ, ಒಳ್ಳೆಯ ಹುಡುಗ, ತರಬೇತಿ ಅರ್ಧ ಆಗಿತ್ತು. ಅಳುತ್ತಿದ್ದ ಹೆಂಗಸಿಗೆ ತನ್ನ ಸ್ವಂತ ನಂಬರ್ ಕೊಟ್ಟುಬಿಟ್ಟ. ತಿಂಗಳುಗಟ್ಟಲೆ ರಾತ್ರಿ ಎರಡಕ್ಕೆ, ಮೂರಕ್ಕೆ ಅವನಿಗೇ ಕರೆ. ಕೊನೆಗೆ ಅವನೂ ಕುಸಿದ, ಆ ಹೆಂಗಸಿಗೂ ಸರಿಯಾದ ಸಹಾಯ ತಡವಾಯಿತು. ರಾತ್ರಿ ಪಾಳಿ ಖಾಲಿ ಬಿದ್ದರೆ ಕರೆಯನ್ನು ಸಹಾಯವಾಣಿಗೆ ಕಳಿಸುವ ಏರ್ಪಾಡು ಮಾಡಿ. ಅದರಲ್ಲಿ ಅವಮಾನ ಏನೂ ಇಲ್ಲ.

ಗುಟ್ಟು

ಬೆಂಗಳೂರಿನಲ್ಲಿ ಕರೆ ಮಾಡಿದವರು ಯಾರು ಅಂತ ಗೊತ್ತಾಗುವುದಿಲ್ಲ. ಮಂಡ್ಯದಲ್ಲಿ ಮೂರು ಮಾತಿಗೆ ಊರು ಗೊತ್ತಾಗುತ್ತದೆ, ಐದನೇ ಮಾತಿಗೆ ಯಾರ ಮಗ ಅಂತ ಗೊತ್ತಾಗುತ್ತದೆ. ಹಾಗಾಗಿ ದನಿ ಗುರುತು ಸಿಕ್ಕಿತು ಅನ್ನಿಸಿದರೆ ಕರೆ ಮಾಡಿದವರಿಗೇ ಹೇಳಿ, ಅವರು ಬಯಸಿದರೆ ಇನ್ನೊಬ್ಬರಿಗೆ ಕೊಡಬೇಕು ಅನ್ನುವುದು ನಮ್ಮ ನಿಯಮ. ಕಮಿಟಿಯವರಿಗೆ ಕರೆಗಳ ಸಂಖ್ಯೆ ಮಾತ್ರ ಬರುತ್ತದೆ, ಕಥೆ ಬರುವುದಿಲ್ಲ. ಅಧ್ಯಕ್ಷರು ಕೇಳಿದರೂ ಇಲ್ಲ.

ಗುಟ್ಟಿಗೂ ಒಂದು ಮಿತಿ ಇದೆ. ಪ್ರಾಣಾಪಾಯ ಕಣ್ಣೆದುರಿಗಿದ್ದರೆ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ ಸುಮ್ಮನಿರುವಂತಿಲ್ಲ. 2012ರ ಪೋಕ್ಸೋ ಕಾಯ್ದೆ ಪ್ರಕಾರ ತಿಳಿದವರು ತಿಳಿಸಲೇಬೇಕು. ಯಾರು, ಯಾರಿಗೆ, ಹೇಗೆ ತಿಳಿಸುತ್ತಾರೆ ಅಂತ ಮುಂಚೆಯೇ ಬರೆದಿಡಿ. ಆ ಹೊತ್ತಿನಲ್ಲಿ ಯೋಚಿಸಲು ಆಗುವುದಿಲ್ಲ.

ದುಡ್ಡು

ಎರಡು ಸಹಿ ಇಲ್ಲದೆ ಚೆಕ್ ಹೋಗಬಾರದು. ಪ್ರತಿ ದೇಣಿಗೆಗೆ ರಸೀದಿ. ದಾನಿಗಳಿಗೆ ತೆರಿಗೆ ವಿನಾಯಿತಿ ಕೊಡಿಸುವ 80ಜಿ ನೋಂದಣಿ ಇದ್ದರೂ 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ ಅಂತ ಮುಂಚೆಯೇ ಹೇಳಿ. ಅಮೆರಿಕದಲ್ಲಿರುವ ಅಣ್ಣನ ಮಗ ಹಣ ಕಳಿಸುತ್ತೇನೆ ಅಂದರೆ ಅವನ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳಿ. ಅಲ್ಲಿನ ಪ್ರಜೆ ಆಗಿದ್ದರೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್.ಸಿ.ಆರ್.ಎ.) ಅನುಮತಿ ಇಲ್ಲದೆ ಮುಟ್ಟುವಂತಿಲ್ಲ.

ಯಾರ ದುಡ್ಡು ಅನ್ನುವುದು ಇನ್ನೂ ದೊಡ್ಡ ಪ್ರಶ್ನೆ. ಒಮ್ಮೆ ಒಂದು ಸಾಲ ಕೊಡುವ ಸಂಸ್ಥೆ ನಮಗೆ ವರ್ಷದ ಖರ್ಚು ಪೂರ್ತಿ ಕೊಡುತ್ತೇವೆ ಅಂತ ಬಂತು. ನಮಗೆ ಬರುವ ಕರೆಗಳಲ್ಲಿ ವಸೂಲಿಯವರ ಕಾಟದ ಮಾತು ಎಷ್ಟು ಬರುತ್ತದೆ ಅಂತ ನಮಗೆ ಗೊತ್ತಿತ್ತು. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು ಅಂದರೆ ಕಷ್ಟ ಎಲ್ಲಿಗೆ ಮುಟ್ಟಿತ್ತು ನೋಡಿ. ಎರಡು ಗಂಟೆ ಚರ್ಚೆಯಾಯಿತು, ಬೇಡ ಅಂತ ಬರೆದು ಕಳಿಸಿದೆವು. ಆ ವರ್ಷ ಕಷ್ಟಪಟ್ಟೆವು ನಿಜ. ಆದರೆ ಸಾಲದ ಕಾಟಕ್ಕೆ ನೊಂದವರು ನಮ್ಮ ಚೀಟಿ ಮೇಲೆ ಅದೇ ಸಾಲದವರ ಗುರುತು ನೋಡುವಂತೆ ಆಗಲಿಲ್ಲ.

ಫಲಾನುಭವಿಗಳ ಫೋಟೋ ಕೇಳುವ ದಾನಿಗಳೂ ಬರುತ್ತಾರೆ. ಅವರಿಗೆ ಕಾಫಿ ಕೊಟ್ಟು, ಫೋಟೋ ಕೊಡಲಾಗದು ಅಂತ ಕಾರಣ ಸಮೇತ ಹೇಳಿ. ಅರ್ಥ ಮಾಡಿಕೊಳ್ಳುವವರು ಉಳಿಯುತ್ತಾರೆ.

ಊರಿಗೆ ಹೋಗಿ ಮಾಡುವ ಕೆಲಸ

ಸೆಪ್ಟೆಂಬರ್ 10 ವಿಶ್ವ ಆತ್ಮಹತ್ಯೆ ತಡೆ ದಿನ. ಅವತ್ತು ಕಲಾಮಂದಿರದಲ್ಲಿ ಶಾಮಿಯಾನ, ಶಾಲು, ಹಾರಕ್ಕೆ ಖರ್ಚು ಮಾಡುವ ಹಣದಲ್ಲಿ ಹಳ್ಳಿಯಲ್ಲಿ ಬೇರೆ ಕೆಲಸ ಮಾಡಬಹುದು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಕೀಟನಾಶಕಕ್ಕೆ ಬೀಗ. ತಡೆಯಲಾರದ ಯೋಚನೆ ಬಹಳ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತಿನಲ್ಲಿ ಕೈಗೆ ಅಪಾಯದ ವಸ್ತು ಸಿಗದಿದ್ದರೆ ಜೀವ ಉಳಿಯುತ್ತದೆ, ಉಳಿದವರಲ್ಲಿ ಹೆಚ್ಚಿನವರು ಆಮೇಲೆ ಬದುಕುತ್ತಾರೆ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು. 1995ರಿಂದ 20 ವರ್ಷಗಳಲ್ಲಿ ಅಲ್ಲಿನ ಆತ್ಮಹತ್ಯೆ ಪ್ರಮಾಣ ಸುಮಾರು ಶೇಕಡಾ 70ರಷ್ಟು ಇಳಿಯಿತು. ನಿಷೇಧ ನಮ್ಮ ಕೈಯಲ್ಲಿಲ್ಲ. ಆದರೆ ಗೊಬ್ಬರದ ಅಂಗಡಿಯವರನ್ನು ಕೂರಿಸಿಕೊಂಡು ಮಾತಾಡುವುದು ನಮ್ಮ ಕೈಯಲ್ಲಿದೆ. ಮಂಕಾಗಿ ಬಂದು, ಯಾವ ಬೆಳೆಗೆ ಅಂತಲೂ ಹೇಳದೆ ಔಷಧಿ ಕೇಳುವವರನ್ನು "ಕೂತ್ಕೊಳಣ್ಣ, ಟೀ ಕುಡಿ" ಅಂತ ತಡೆದು, ನಮಗೊಂದು ಫೋನ್ ಮಾಡಲು ಅವರಿಗೆ ಹೇಳಿಕೊಡಬಹುದು. ಬೇಕಾದಷ್ಟೇ ತಂದು, ಉಳಿದದ್ದನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು, ಬೀಗದ ಕೈ ಮನೆಯ ಇನ್ನೊಬ್ಬರ ಹತ್ತಿರ ಇರುವಂತೆ ಮಾಡಬಹುದು.

ಪತ್ರಿಕೆಯವರ ಜೊತೆಗೂ ಒಂದು ಸಲ ಕೂರಿ. ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಆತ್ಮಹತ್ಯೆ ಸುದ್ದಿ ಹೇಗೆ ಬರೆಯಬೇಕು ಅಂತ ಮಾರ್ಗಸೂಚಿ ಕೊಟ್ಟಿದೆ: ವಿಧಾನ ವರ್ಣಿಸಬಾರದು, ಎದ್ದು ಕಾಣುವಂತೆ ಹಾಕಬಾರದು, ಚಿತ್ರ ಹಾಕಬಾರದು. ನಮ್ಮ ಕಡೆಯ ವರದಿಗಾರರು ಹೇಳಿದರೆ ಕೇಳುತ್ತಾರೆ. ಸುದ್ದಿಯ ಕೊನೆಗೆ ಸಹಾಯವಾಣಿ ನಂಬರ್ ಹಾಕಲು ನಾವೇ ಕೇಳಬೇಕು. ನಮ್ಮ ವೇದಿಕೆಯಲ್ಲಿ ಮಾತಾಡುವವರಿಗೂ ಇದೇ ನಿಯಮ. "ಹೇಡಿಗಳು ಮಾಡೋ ಕೆಲಸ" ಅಂತ ಒಬ್ಬ ಮುಖಂಡರು ಶುರು ಮಾಡಿದಾಗ ನಮ್ಮ ಕಾರ್ಯದರ್ಶಿ ಮೈಕ್ ಹತ್ತಿರ ಹೋಗಿ ಕೈ ಮುಗಿದು ನಿಲ್ಲಿಸಿದರು. ಮುಂದಿನ ಸಾಲಿನಲ್ಲಿ ಮಗಳನ್ನು ಕಳೆದುಕೊಂಡ ಆ ತಾಯಿ ಕೂತಿದ್ದರು.

ಬಿಡುವ ದಿನ

ಮೂರು ವರ್ಷ, ಹೆಚ್ಚೆಂದರೆ ಆರು. ಆಮೇಲೆ ಜಾಗ ಬಿಡಿ. ಬಿಡುವ ಆರು ತಿಂಗಳು ಮುಂಚೆ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿ. ರಾಜೀನಾಮೆ ಬರಹದಲ್ಲಿ ಕೊಡಿ, ನಡಾವಳಿಯಲ್ಲಿ ದಾಖಲಾಗಲಿ, ಹೊಸ ಪಟ್ಟಿ ನೋಂದಣಾಧಿಕಾರಿ ಕಚೇರಿಗೆ ಹೋಗಲಿ. ಬ್ಯಾಂಕಿಗೆ ಹಳಬರು ಹೊಸಬರು ಒಟ್ಟಿಗೇ ಹೋಗಿ ಸಹಿ ಬದಲಿಸಿ. ನಿಮ್ಮ ಹೆಸರಲ್ಲಿರುವ ಸಿಮ್ ಸಂಘದ ಹೆಸರಿಗೆ ಮಾಡಿಸಿ, ನಂಬರ್ ಮಾತ್ರ ಬದಲಾಗಬಾರದು. ಅದು ಯಾವ ಮನೆಯ ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದೆಯೋ ನಮಗೆ ಗೊತ್ತಿಲ್ಲ.